ಗಾಲಿ ಮನೆಗೆ ಬೀಗ ಹಾಕಿದ ಪ್ರಕರಣ

2003ರಲ್ಲಿ ನಾನು ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿ, ಮೋಟರ್‌ಹೋಮ್‌ಗಳನ್ನು ಮಾರುವ ಮತ್ತು ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಗಿರಾಕಿ ಹೇಳಿದ್ದನ್ನು ಮೆಕ್ಯಾನಿಕ್‌ಗೆ ಅರ್ಥವಾಗುವಂತೆ ಹೇಳುವುದು, ಮೆಕ್ಯಾನಿಕ್ ಹೇಳಿದ್ದನ್ನು ಗಿರಾಕಿಗೆ ಸಿಟ್ಟು ಬಾರದಂತೆ ಹೇಳುವುದು. ನಮ್ಮಪ್ಪ ರಾಣೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು, ಹಾಗಾಗಿ ಮೊದಲ ಅರ್ಧ ನನಗೆ ನೀರು ಕುಡಿದಷ್ಟು ಸುಲಭ. ಎರಡನೆಯ ಅರ್ಧವೇ ಕಷ್ಟ, ಯಾಕೆಂದರೆ ಗಿರಾಕಿಗಿಂತ ಮೊದಲು ಸಿಟ್ಟು ಬರುವುದು ನನಗೆ. ‘ಶಮೀಮ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ’ ಎಂದು ನಮ್ಮ ಮನೆಯವರು ಮದುವೆಯಾದ ದಿನದಿಂದ ಹೇಳುತ್ತಾ ಬಂದಿದ್ದಾರೆ.

ಆ ಕೆಲಸದಿಂದ ನಾನೀಗ ನಿವೃತ್ತಳು. ಬಹಳಷ್ಟು ಜಗಳಗಳು ಮರೆತುಹೋಗಿವೆ, ಕೆಲವನ್ನು ನೆನೆದರೆ ನಗು ಬರುತ್ತದೆ. ಒಂದು ಮಾತ್ರ ಇವತ್ತಿಗೂ ಮೈ ಉರಿಸುತ್ತದೆ. ಆ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆಯುತ್ತೇನೆಂದು ಮಾತು ಕೊಡಲಾರೆ.

ಮೋಟರ್‌ಹೋಮ್ ಕಾಣದವರಿಗಾಗಿ ಎರಡು ಮಾತು. ಅದು ಬಸ್ಸಿನೊಳಗೆ ಕೂರಿಸಿದ ಮನೆ. ಒಲೆ, ಸಿಂಕ್, ಫ್ರಿಜ್, ಮಂಚ, ಟಾಯ್ಲೆಟ್, ಷವರ್ ಎಲ್ಲವೂ ಇರುತ್ತವೆ. ನೆಲದ ಅಡಿಯಲ್ಲಿ ನೀರಿನ ಟ್ಯಾಂಕ್, ಅದಕ್ಕೊಂದು ಪುಟ್ಟ ಪಂಪು, ಅಲ್ಲಿಂದ ಗೋಡೆಯೊಳಗೆ ಹಾದುಹೋಗುವ ಬೆರಳು ಗಾತ್ರದ ಪ್ಲಾಸ್ಟಿಕ್ ಪೈಪುಗಳು. ಬೇಸಿಗೆಯಲ್ಲಿ ಇದರಷ್ಟು ಸುಖದ ಗಾಡಿ ಇನ್ನೊಂದಿಲ್ಲ. ಚಳಿಗಾಲದಲ್ಲಿ ಇದರಷ್ಟು ಸುಲಭವಾಗಿ ಹಾಳಾಗುವ ಗಾಡಿಯೂ ಇಲ್ಲ. ಮೂವತ್ತೆರಡು ಡಿಗ್ರಿ ಫ್ಯಾರನ್‌ಹೀಟ್‌ಗೆ ನೀರು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ್ದು ಹಿಗ್ಗುತ್ತದೆ, ಹಿಗ್ಗಿದ್ದು ತಾನಿರುವ ಪೈಪನ್ನು ಸೀಳುತ್ತದೆ. ಡೆಟ್ರಾಯ್ಟ್ ಸುತ್ತಮುತ್ತ ಜನವರಿಯಲ್ಲಿ ಪಾದರಸ ಸೊನ್ನೆಯವರೆಗೂ ಇಳಿಯುವುದುಂಟು.

ಅದಕ್ಕೇ ಹಿಮ ಬೀಳುವ ಮೊದಲು ಗಾಡಿಯನ್ನು ‘ವಿಂಟರೈಸ್’ ಮಾಡುತ್ತೇವೆ. ಟ್ಯಾಂಕಿನ ನೀರನ್ನೆಲ್ಲ ಬಸಿಯುತ್ತೇವೆ. ವಾಟರ್ ಹೀಟರಿನ ಬಿರಟೆ ಬಿಚ್ಚಿ ಅದನ್ನೂ ಖಾಲಿ ಮಾಡಿ, ಇನ್ನು ಮುಂದೆ ಅದರೊಳಗೆ ಏನೂ ಹೋಗದಂತೆ ಒಂದು ವಾಲ್ವ್ ತಿರುಗಿಸಿ ದಾರಿ ಮುಚ್ಚುತ್ತೇವೆ. ಆಮೇಲೆ ಪಂಪಿನಿಂದ ಗುಲಾಬಿ ಬಣ್ಣದ ಆಂಟಿಫ್ರೀಜ್ ಎಂಬ ದ್ರವ ಎಳೆಸಿ, ಒಂದೊಂದೇ ನಲ್ಲಿ ತಿರುಗಿಸಿ, ಗುಲಾಬಿ ಬಣ್ಣ ಬರುವವರೆಗೂ ಬಿಡುತ್ತೇವೆ. ಸಿಂಕಿನ ಕೆಳಗಿನ ಬಾಗಿದ ಪೈಪಿಗೂ ಟಾಯ್ಲೆಟ್ಟಿಗೂ ಅದನ್ನೇ ಸುರಿಯುತ್ತೇವೆ. ಕಾರಿನ ಇಂಜಿನ್ನಿಗೆ ಹಾಕುವ ಹಸಿರು ವಿಷ ಅದಲ್ಲ, ಕುಡಿಯುವ ನೀರಿನ ಪೈಪುಗಳಿಗೆಂದೇ ಮಾಡಿದ್ದು. ಎಷ್ಟು ಚಳಿಯಾದರೂ ಅದು ಪೈಪನ್ನು ಒಡೆಯುವುದಿಲ್ಲ. ಕೊನೆಯಲ್ಲಿ ಅಡುಗೆಮನೆಯ ನಲ್ಲಿಗೆ ಒಂದು ಚೀಟಿ ಕಟ್ಟುತ್ತೇವೆ: ವಿಂಟರೈಸ್ ಆಗಿದೆ, ನೀರು ಬಳಸಬೇಡಿ. ಅಲ್ಲಿಗೆ ಮುಗಿಯಿತು. ವಸಂತ ಬರುವವರೆಗೆ ಆ ಗಾಡಿಗೆ ಒಂದು ತೊಟ್ಟು ನೀರೂ ಸೋಕಬಾರದು.

ನಮ್ಮಲ್ಲಿ ಈ ಕೆಲಸ ಮಾಡುತ್ತಿದ್ದವರು ಕರ್ಟಿಸ್. ಡೆಟ್ರಾಯ್ಟಿನ ಕಪ್ಪು ಜನಾಂಗದವರು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ತಾವು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಈ ಕಸುಬಿಗೆ ಬಂದವರು. ಮಾತು ಕಡಿಮೆ, ತಮಾಷೆ ಜಾಸ್ತಿ. ನಾನು ಡಬ್ಬಿಯಲ್ಲಿ ತಂದ ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಮೂಗು ಒರೆಸಿಕೊಳ್ಳುತ್ತಾ, ‘ಮಿಸ್ ಶಮೀಮ್, ಇದಕ್ಕೆ ಲೈಸೆನ್ಸ್ ಇದೆಯಾ?’ ಎಂದು ಕೇಳುತ್ತಿದ್ದರು. ಅಂಗಡಿಯ ಮಾಲೀಕ ಗ್ಯಾರಿ. ಕೆಟ್ಟವನಲ್ಲ. ಗಿರಾಕಿ ದನಿ ಎತ್ತಿದರೆ ಮಾತ್ರ ಅವನ ಬೆನ್ನುಮೂಳೆ ಬೆಣ್ಣೆಯಾಗುತ್ತಿತ್ತು.

ಆ ವರ್ಷ ಅಕ್ಟೋಬರ್ ಕೊನೆಗೆ ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಶ್ರೀಧರ್ ಎಂಬುವವರು ತಮ್ಮ ಮೋಟರ್‌ಹೋಮ್ ತಂದರು. ಮೈಸೂರಿನವರು, ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಕೌಂಟರಿನ ಮೇಲಿದ್ದ ನನ್ನ ಹೆಸರು ನೋಡಿ ಎಲ್ಲಿಯವರೆಂದು ಕೇಳಿದರು. ರಾಣೆಬೆನ್ನೂರು ಎಂದ ಕೂಡಲೇ ಮುಖ ಅರಳಿತು.

“ಅಯ್ಯೋ, ನಮ್ಮವ್ರೇ! ಇನ್ಮೇಲೆ ನಂಗೆ ಟೆನ್ಷನ್ ಇಲ್ಲ ಮೇಡಂ. ನೀವೇ ನೋಡ್ಕೊಳ್ಳಿ.”

ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು. ಲಿವೋನಿಯಾದ ಆ ಶೆಡ್ಡಿನಲ್ಲಿ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ. ಅವರು ಬಾಯಿತುಂಬ ಮಾತಾಡಿದರು. ತಾಯಿ ಸಾವಿತ್ರಮ್ಮ ಜೊತೆಗೇ ಇದ್ದಾರೆ. ಗಾಡಿ ಕೊಂಡ ದಿನ ತಾಯಿ ಅದನ್ನು ಬರಿಯ ಗಾಡಿ ಎಂದು ಒಪ್ಪಲೇ ಇಲ್ಲವಂತೆ. ಒಲೆ ಇದೆ, ಬಾಗಿಲಿದೆ, ಹೊಸಿಲಿದೆ, ಮನೆಯಲ್ಲದೆ ಇನ್ನೇನು ಎಂದು ಡ್ರೈವ್‌ವೇಯಲ್ಲೇ ನಿಲ್ಲಿಸಿ, ಒಳಗಿನ ಒಲೆಯ ಮೇಲೆ ಹಾಲುಕ್ಕಿಸಿ ಗೃಹಪ್ರವೇಶ ಮಾಡಿದರಂತೆ. ಸ್ಮೋಕ್ ಅಲಾರಂ ಕಿರುಚಿಕೊಂಡಿತಂತೆ. ಇಬ್ಬರೂ ನಕ್ಕೆವು. ಏಪ್ರಿಲ್‌ನಲ್ಲಿ ಶಿಕಾಗೋ ಕಡೆಯ ನೇಪರ್‌ವಿಲ್‌ಗೆ ಹೋಗಿ ತಂಗಿಯ ಸಂಸಾರವನ್ನೂ ಹತ್ತಿಸಿಕೊಂಡು ಪ್ರವಾಸ ಹೊರಡುವ ಯೋಚನೆಯಿದೆ ಎಂದರು.

ಕರ್ಟಿಸ್ ಎರಡು ದಿನದಲ್ಲಿ ಕೆಲಸ ಮುಗಿಸಿದರು. ಗಾಡಿಯನ್ನು ನೇರವಾಗಿ ನಮ್ಮ ಹಿಂದಿನ ಸ್ಟೋರೇಜ್ ಅಂಗಳಕ್ಕೆ ಸೇರಿಸಬಹುದಿತ್ತು. ಆದರೆ ಒಳಗೆ ಅಕ್ಕಿ, ಬೇಳೆ, ಹಾಸಿಗೆ ಎಲ್ಲ ಇವೆ, ವೀಕೆಂಡಿಗೆ ಮನೆಗೆ ಒಯ್ದು ಖಾಲಿ ಮಾಡಿಕೊಂಡು ಭಾನುವಾರ ತಂದು ನಿಲ್ಲಿಸುತ್ತೇನೆ ಎಂದರು ಶ್ರೀಧರ್. ಅನೇಕರು ಹಾಗೆ ಮಾಡುತ್ತಾರೆ. ಅಂಗಳದ ಗೇಟಿಗೆ ಕೋಡ್ ಇರುತ್ತದೆ, ಗಿರಾಕಿಯೇ ಒತ್ತಿ ಒಳಗೆ ಬರಬಹುದು, ರಜೆಯ ದಿನ ನಮ್ಮವರು ಯಾರೂ ಇರುವುದಿಲ್ಲ. ಕೀಲಿ ಕೊಡುವ ಮೊದಲು ನಾನು ಅವರನ್ನು ಗಾಡಿಯೊಳಗೆ ಕರೆದೊಯ್ದು, ನಲ್ಲಿಗೆ ಕಟ್ಟಿದ ಚೀಟಿ ತೋರಿಸಿ, ಬಾಯಿಬಿಟ್ಟು ಕನ್ನಡದಲ್ಲೇ ಹೇಳಿದೆ.

“ಸಾಮಾನು ಇಳಿಸ್ಕೊಳ್ರಿ, ಕಸ ಹೊಡೀರಿ. ಆದ್ರ ನಲ್ಲಿ ಮುಟ್ಟಬ್ಯಾಡ್ರಿ. ಟ್ಯಾಂಕಿಗೆ ನೀರು ಹಾಕಬ್ಯಾಡ್ರಿ. ಹಾಕಿದ್ರ ಮಾಡಿದ್ದೆಲ್ಲಾ ದಂಡ.”

“ನಾನೂ ಎಂಜಿನಿಯರೇ ಮೇಡಂ,” ಎಂದು ನಕ್ಕರು. ಭಾನುವಾರ ಗಾಡಿ ಬಂದು ಅಂಗಳದ ಮೂಲೆಯಲ್ಲಿ ನಿಂತಿತು. ಸೋಮವಾರ ಕರ್ಟಿಸ್ ಹೊರಗಿನ ಪೆಟ್ಟಿಗೆ ತೆರೆದು ಬ್ಯಾಟರಿ ಬಿಚ್ಚಿ ಒಳಗೆ ತಂದಿಟ್ಟರು. ಒಳಗೆ ಹೋಗುವ ಕೆಲಸ ಅವರಿಗಿರಲಿಲ್ಲ. ಮುಂದಿನ ತಿಂಗಳು ಹಿಮ ಬಿತ್ತು.

ಮಾರ್ಚ್ ಮಧ್ಯದಲ್ಲಿ ಹಿಮ ಕರಗಿತು. ಒಂದು ಬೆಳಿಗ್ಗೆ ಗ್ಯಾರಿ ನನ್ನನ್ನು ಅಂಗಳಕ್ಕೆ ಕರೆದ. ಶ್ರೀಧರ್ ಅವರ ಗಾಡಿಯ ಬಾಗಿಲ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹೋದರೆ ಕಾಲಿಟ್ಟಲ್ಲೆಲ್ಲ ಕಾರ್ಪೆಟ್ ಪಚಪಚ ಎನ್ನುತ್ತಿತ್ತು. ಪಂಪು ಸೀಳಿತ್ತು, ನಲ್ಲಿಗಳು ಬಿರುಕು ಬಿಟ್ಟಿದ್ದವು, ಸಿಂಕಿನ ಕೆಳಗಿನ ಬಾಗಿದ ಪೈಪು ಎರಡು ತುಂಡಾಗಿತ್ತು, ಟಾಯ್ಲೆಟ್ಟಿನ ವಾಲ್ವ್ ಒಡೆದಿತ್ತು. ಸಿಂಕಿನ ಕೆಳಗೆ ನೆಲದ ಹಲಗೆ ಉಬ್ಬಿ ಎದ್ದಿತ್ತು. ಎಲ್ಲಿ ನೋಡಿದರೂ ತಿಳಿನೀರು, ಗುಲಾಬಿ ಬಣ್ಣದ ಸುಳಿವೇ ಇಲ್ಲ. ನಲ್ಲಿಗೆ ಕಟ್ಟಿದ್ದ ಚೀಟಿಯೂ ಇಲ್ಲ.

ಗ್ಯಾರಿ ನನ್ನ ಮುಖ ನೋಡಿದ. ನಾನು ಕರ್ಟಿಸ್‌ರನ್ನು ಕರೆಸಿದೆ. ಅವರು ಒಳಗೆಲ್ಲ ಸುತ್ತಾಡಿ, ಹೊರಗೆ ಬಂದು, ಹೀಟರಿನ ಮುಚ್ಚಳ ತೆಗೆದು ತೋರಿಸಿದರು. ಅದರ ಬಿರಟೆ ಬಿಚ್ಚಿಯೇ ಇತ್ತು, ದಾರಿ ಮುಚ್ಚುವ ವಾಲ್ವ್ ಅವರು ತಿರುಗಿಸಿದ ಸ್ಥಾನದಲ್ಲೇ ಇತ್ತು, ಹೀಟರಿಗೆ ಏನೂ ಆಗಿರಲಿಲ್ಲ. ತಾನು ಕೆಲಸ ಮಾಡಿದ್ದಕ್ಕೆ ಇದೇ ಸಾಕ್ಷಿ, ಉಳಿದ ಕಡೆ ನೀರು ಆಮೇಲೆ ಬಂದದ್ದು ಎಂದರು ಕರ್ಟಿಸ್. ನನಗೂ ಅದೇ ಸರಿ ಎನಿಸಿತು. ಆದರೆ ಗ್ಯಾರಿ ಅದನ್ನು ಹಿಂದುಮುಂದಾಗಿ ಓದಿದ. ಹೀಟರ್ ಒಂದನ್ನು ಮಾಡಿ ಉಳಿದದ್ದನ್ನು ಮರೆತಿರಬೇಕು, ಅರ್ಧ ಕೆಲಸಕ್ಕೆ ಅರ್ಧ ಸಾಕ್ಷಿ ಎಂದ. ಚೀಟಿಯನ್ನು ನಾನೇ ಗಿರಾಕಿಗೆ ತೋರಿಸಿದ್ದೆ ಎಂದರೆ, ಚೀಟಿ ಕಟ್ಟಿದ ಮಾತ್ರಕ್ಕೆ ಕೆಲಸ ಆಗಿದೆ ಎಂದಲ್ಲ ಎಂದ.

ಶ್ರೀಧರ್ ಮಧ್ಯಾಹ್ನ ಬಂದರು. ನಾನು ಕೇಳಿದ ಮೊದಲ ಪ್ರಶ್ನೆಯೇ, ವೀಕೆಂಡಿನಲ್ಲಿ ಮನೆಯಲ್ಲಿದ್ದಾಗ ಟ್ಯಾಂಕಿಗೆ ನೀರು ಹಾಕಿದ್ದಿರಾ ಎಂದು. “ನೋ, ನೋ, ಏನೂ ಮುಟ್ಟಿಲ್ಲ,” ಎಂದರು, ನನ್ನ ಕಣ್ಣು ನೋಡದೆ. ಒಳಗೆ ಹೋಗಿ ಬಂದ ಮೇಲೆ ಗ್ಯಾರಿಯ ಮುಂದೆ ಇಂಗ್ಲಿಷಿನಲ್ಲಿ ತುಂಬಾ ಸಭ್ಯವಾಗಿ, ನಂಬಿಕೆಯ ಬಗ್ಗೆ, ವೃತ್ತಿಪರತೆಯ ಬಗ್ಗೆ ಮಾತಾಡಿದರು. ತಪ್ಪು ಮಾಡಿದ ಮೆಕ್ಯಾನಿಕ್ ಮತ್ತೆ ತಮ್ಮ ಗಾಡಿ ಮುಟ್ಟಬಾರದು, ಇಂಥವರನ್ನು ಇಟ್ಟುಕೊಂಡಿರುವ ಅಂಗಡಿಯ ಬಗ್ಗೆ ತಾವು ಎಲ್ಲರಿಗೂ ಹೇಳಬೇಕಾಗುತ್ತದೆ ಎಂದರು. ಕರ್ಟಿಸ್ ನಾಲ್ಕು ಹೆಜ್ಜೆ ದೂರದಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಆಗ ಶ್ರೀಧರ್ ನನ್ನ ಕಡೆ ಬಾಗಿ, ದನಿ ಸ್ವಲ್ಪವೂ ತಗ್ಗಿಸದೆ, ಕನ್ನಡಕ್ಕೆ ಇಳಿದರು.

“ಈ ಕರಿಯರನ್ನ ಕೆಲಸಕ್ಕೆ ಇಟ್ಕೊಂಡ್ರೆ ಹಿಂಗೇ ಮೇಡಂ. ಸೋಂಬೇರಿಗಳು. ಬಿಡಿ, ನಿಮಗೆ ಗೊತ್ತಿಲ್ದೇ ಇರೋದಾ? ನಾವು ನಾವು ಹೇಳ್ಕೋಬಹುದು.”

ನನ್ನ ಪಿತ್ತ ನೆತ್ತಿಗೇರಿತು. ಬೈದದ್ದಕ್ಕಿಂತ ಹೆಚ್ಚಾಗಿ, ಅದರ ಕೊನೆಯಲ್ಲಿ ಅವರು ಬೀರಿದ ನಗುವಿಗೆ. ಕನ್ನಡ ಎಂಬುದು ಒಂದು ಕೋಣೆ, ಅದರ ಬಾಗಿಲು ಹಾಕಿಕೊಂಡರೆ ಒಳಗೆ ಏನು ಬೇಕಾದರೂ ಆಡಬಹುದು, ನಾನು ಒಳಗೆ ಕೂತು ತಲೆಯಾಡಿಸುತ್ತೇನೆ ಎಂದುಕೊಂಡಿದ್ದರು. ನಮ್ಮ ಊರಲ್ಲಿ ನನ್ನ ಹೆಸರು ಕೇಳಿದ ಮೇಲೆ ಇದೇ ತರಹದ ಮಾತನ್ನು ನನ್ನ ಬೆನ್ನ ಹಿಂದೆ ಆಡಿದವರನ್ನೂ ನಾನು ಕಂಡಿದ್ದೇನೆ. ಮಾತು ಯಾವ ಭಾಷೆಯದಾದರೂ ಅದರ ವಾಸನೆ ನನಗೆ ಗೊತ್ತು.

“ಶ್ರೀಧರ್ ಅವರ, ಈಗ ಅಂದ್ರಲ್ಲ, ಅದನ್ನ ಇಂಗ್ಲಿಷ್‌ನ್ಯಾಗ ಅನ್ರಿ,” ಎಂದೆ. “ಅವರೂ ಕೇಳ್ಲಿ.”

ಅವರ ಮುಖ ಕೆಂಪಾಯಿತು. ಏನೋ ಸಿಟ್ಟಿನಲ್ಲಿ ಅಂದೆ ಬಿಡಿ ಎಂದು ಗೊಣಗಿ ಹೊರಟರು. ಕರ್ಟಿಸ್ ನನ್ನ ಹತ್ತಿರ ಬಂದು, ಅವನು ನನ್ನ ಬಗ್ಗೆ ಅಂದದ್ದಲ್ಲವೇ ಎಂದು ಕೇಳಿದರು. ಹೌದು, ಕೆಟ್ಟದ್ದು ಅಂದ ಎಂದೆ. “ಅನುವಾದ ಬೇಡ ಮಿಸ್ ಶಮೀಮ್,” ಎಂದರು. “ಆ ಮಾತನ್ನು ನಾನು ಯಾವ ಭಾಷೆಯಲ್ಲಾದರೂ ಗುರುತು ಹಿಡಿಯುತ್ತೇನೆ.”

ಸಂಜೆಯೊಳಗೆ ಗ್ಯಾರಿ ತೀರ್ಮಾನ ಮಾಡಿದ್ದ. ಕರ್ಟಿಸ್ ವಾರದ ಮಟ್ಟಿಗೆ ಮನೆಯಲ್ಲಿರಲಿ. ಶುಕ್ರವಾರದ ಹೊತ್ತಿಗೆ ಬೇರೆ ಏನೂ ಗೊತ್ತಾಗದಿದ್ದರೆ ಕೆಲಸದಿಂದ ಬಿಡಿಸುವುದು. ನಾನು ಕೂಗಾಡಿದೆ. ಈ ಮನುಷ್ಯ ಎಷ್ಟು ಗಾಡಿಗಳನ್ನು ಚಳಿಗಾಲ ದಾಟಿಸಿದ್ದಾರೆ, ಒಂದಾದರೂ ಒಡೆದದ್ದುಂಟೇ ಎಂದು ಕೇಳಿದೆ. ಗ್ಯಾರಿ ಕಾಫಿ ಲೋಟದೊಳಗೆ ನೋಡುತ್ತಾ, ಗಿರಾಕಿ ಎಂಜಿನಿಯರ್, ಸುಳ್ಳೇಕೆ ಹೇಳುತ್ತಾನೆ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ದೇಶದಲ್ಲಿ ಮಾತ್ರ ಎಂದುಕೊಂಡಿದ್ದೆ. ಆ ಜಾಣತನ ಲಿವೋನಿಯಾದಲ್ಲೂ ಇತ್ತು.

ಮರುದಿನ ಬೆಳಿಗ್ಗೆ ಹಾನಿಯ ಫೋಟೋ ತೆಗೆಯಲು ನಾನೊಬ್ಬಳೇ ಆ ಗಾಡಿಯೊಳಗೆ ಹೋದೆ. ಹಿಂದಿನ ದಿನ ಎಲ್ಲರೂ ನೆಲ ನೋಡಿದ್ದೆವು, ಸಿಂಕಿನ ಕೆಳಗೆ ನೋಡಿದ್ದೆವು. ಒಲೆಯ ಮೇಲೆ ಯಾರೂ ನೋಡಿರಲಿಲ್ಲ. ಅದರ ಮೇಲೊಂದು ಮುಚ್ಚಳದ ಹಲಗೆ ಇರುತ್ತದೆ, ಅದನ್ನು ಎತ್ತಿದೆ. ಒಲೆ ಫಳಫಳ ಹೊಳೆಯುತ್ತಿತ್ತು. ಅಂಚಿಗೆ ಅರಿಶಿನ ಕುಂಕುಮ. ಬರ್ನರ್‌ಗಳ ನಡುವೆ ಒಂದು ಚಿಕ್ಕ ಸ್ಟೀಲ್ ತಟ್ಟೆಯಲ್ಲಿ ಅಕ್ಕಿ, ಅದರ ಪಕ್ಕ ಒಂದು ಪುಟ್ಟ ಚೊಂಬು. ನಮ್ಮ ಕಡೆ ಅದಕ್ಕೆ ತಂಬಿಗೆ ಅನ್ನುತ್ತೇವೆ. ಅದರ ತುಂಬ ನೀರು. ಎತ್ತಿ ಮತ್ತೆ ಇಟ್ಟರೆ ನೆಟ್ಟಗೆ ನಿಲ್ಲದೆ ಓಲಾಡಿತು. ಒಳಗಿನ ನೀರು ಗಡ್ಡೆಕಟ್ಟಿ ಅದರ ತಳ ಹೊರಗೆ ಉಬ್ಬಿತ್ತು.

ನಾನು ಹಾಗೇ ಒದ್ದೆ ಸೀಟಿನ ಮೇಲೆ ಕೂತುಬಿಟ್ಟೆ. ಊರಿಗೆ ಹೊರಡುವಾಗ ನಮ್ಮಮ್ಮ ಕೂಡ ಕೊಡ ತುಂಬಿಸಿಡದೆ ಮನೆಗೆ ಬೀಗ ಹಾಕಿದವಳಲ್ಲ. ಪಕ್ಕದ ಮನೆಯ ಬಸವ್ವ ಇದರ ಜೊತೆಗೆ ಒಲೆ ಸಾರಿಸಿ ಕುಂಕುಮ ಇಡುತ್ತಿದ್ದಳು, ನಮ್ಮಮ್ಮನದು ಕುಂಕುಮವಿಲ್ಲ, ಅಷ್ಟೇ ವ್ಯತ್ಯಾಸ. ಬಾಗಿಲು ಹಾಕಿದ ಮನೆಯಲ್ಲಿ ಮುಸುರೆ ಇರಬಾರದು, ಪಾತ್ರೆ ಬರಿದಾಗಿರಬಾರದು. ತಿರುಗಿ ಬಂದಾಗ ತುಂಬಿದ್ದು ಎದುರಾಗಬೇಕು. ಹಾಲುಕ್ಕಿಸಿ ಒಳಗೆ ಕಾಲಿಟ್ಟ ಹೆಂಗಸು ಆ ಮನೆಗೆ ಬೀಗ ಬೀಳುವಾಗ ಏನು ಮಾಡಿರಬಹುದು ಎಂಬುದನ್ನು ಗ್ಯಾರಿ ಏಳು ಜನ್ಮ ಎತ್ತಿದರೂ ಊಹಿಸಲಾರ. ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಚೊಂಬನ್ನು ಎತ್ತಿಕೊಂಡು ಆಫೀಸಿಗೆ ಬಂದು ಶ್ರೀಧರ್ ಅವರ ಮನೆಗೆ ಫೋನ್ ಮಾಡಿದೆ. ಆ ಹೊತ್ತಿಗೆ ಮಗ ಸೊಸೆ ಕೆಲಸಕ್ಕೆ ಹೋಗಿರುತ್ತಾರೆಂದು ಗೊತ್ತಿತ್ತು. ಸಾವಿತ್ರಮ್ಮನವರೇ ಎತ್ತಿದರು. ಕನ್ನಡ ಕೇಳಿ ಅವರಿಗೆ ಸಂಭ್ರಮ. ಗಾಡಿಯ ಒಲೆಯ ಮೇಲೆ ಚೊಂಬು ಇಟ್ಟವರು ನೀವೇ ಏನ್ರಿ ಎಂದು ಕೇಳಿದೆ.

“ಹೂಂ ಕಣಮ್ಮ, ನಾನೇ. ಹಾಲುಕ್ಕಿಸಿದ ಮನೆ, ಖಾಲಿ ಬಿಟ್ಟು ಬೀಗ ಹಾಕಕ್ಕಾಗತ್ತಾ? ನಲ್ಲೀಲಿ ನೋಡಿದ್ರೆ ಅದೇನೋ ಕೆಂಪಗೆ ಬಣ್ಣದ ನೀರು. ನಂಗೆ ಒಂಥರಾ ಆಯ್ತು. ಟ್ಯಾಂಕಿಗೆ ನೀರು ಬಿಡಿಸ್ಕೊಂಡು, ಆ ಬಣ್ಣ ಎಲ್ಲಾ ಹೋಗೋವರ್ಗೂ ನಲ್ಲಿ ಬಿಟ್ಟು, ಸಿಂಕು, ಬಚ್ಚಲು, ಕಕ್ಕಸು ಎಲ್ಲಾ ಉಜ್ಜಿ ತೊಳೆದೆ. ಆಮೇಲೆ ಟ್ಯಾಂಕು ಕಂಠಮಟ್ಟ ತುಂಬಿಸಿ ಅಲ್ಲಿಗೆ ಬಂದ್ವಿ. ಗಾಡಿ ನಿಂತ ಮೇಲೆ ಚೊಂಬು ಇಟ್ಟು ಬೀಗ ಹಾಕಿದ್ವಿ.”

“ಯಾರು ತುಂಬಿಸಿದ್ರು ಅಮ್ಮಾ?”

“ಶ್ರೀಧರನೇ. ತೋಟದ ಪೈಪ್ ಹಿಡ್ಕೊಂಡಿದ್ದ. ಮೊದ್ಲು ಬೇಡಮ್ಮ, ಬೇಡಮ್ಮ ಅಂದ. ನಾನು ಬಿಡ್ಲಿಲ್ಲ. ಆ ಚೀಟೀನೂ ಅವನೇ ಕಿತ್ತ, ನಲ್ಲಿ ತಿರುಗಿಸಕ್ಕೆ ಅಡ್ಡ ಬರ್ತಿತ್ತು. ಯಾಕಮ್ಮ, ಏನಾಯ್ತು?”

ಏನಾಯ್ತೆಂದು ಹೇಳಿದೆ. ಪೈಪು ಒಡೆದದ್ದನ್ನು ಹೇಳಿದೆ. ಅದಕ್ಕಾಗಿ ಒಬ್ಬರ ಕೆಲಸ ಹೋಗುತ್ತಿರುವುದನ್ನೂ ಹೇಳಿದೆ. “ಅವನು ನಂಗೆ ಏನೂ ಹೇಳ್ಲಿಲ್ವಲ್ಲಮ್ಮ,” ಎಂದರು.

ಆ ತಾಯಿಯ ಮೇಲೆ ನನಗೆ ಒಂದು ಚೂರೂ ಕೋಪವಿರಲಿಲ್ಲ, ಈಗಲೂ ಇಲ್ಲ. ಆಕೆ ತನಗೆ ತಿಳಿದಂತೆ ಮನೆಯನ್ನು ಚೊಕ್ಕಟ ಮಾಡಿಟ್ಟಳು. ಹಿಮದ ನಾಡಿನಲ್ಲಿ ತುಂಬಿದ ಪಾತ್ರೆಯೇ ಮನೆ ಒಡೆಯುತ್ತದೆಂದು ಆಕೆಗೆ ಯಾರು ಹೇಳಬೇಕಿತ್ತು? ಪೈಪ್ ಹಿಡಿದು ನಿಂತಿದ್ದ ಎಂಜಿನಿಯರ್ ಹೇಳಬೇಕಿತ್ತು. ಆ ನೀರನ್ನು ಆಮೇಲಾದರೂ ಬಸಿಯಬೇಕಿತ್ತು. ಅದೂ ಹೋಗಲಿ, ಒಡೆದದ್ದು ಕಂಡ ದಿನ ಬಾಯಿ ಬಿಡಬೇಕಿತ್ತು. ಈ ಮೂರೂ ಬಿಟ್ಟು ಅವನು ಆರಿಸಿಕೊಂಡದ್ದು ಕರ್ಟಿಸ್‌ರನ್ನು. ಇಲ್ಲಿಂದ ಮುಂದೆ ಅವನನ್ನು ಬಹುವಚನದಲ್ಲಿ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಓದುಗರು ಕ್ಷಮಿಸಬೇಕು.

ತಾಯಿ ಅವನಿಗೆ ಫೋನ್ ಮಾಡಿರಬೇಕು. ಊಟದ ಹೊತ್ತಿಗೆ ಓಡೋಡಿ ಬಂದ. ಬಂದವನೇ ನನ್ನ ಆಫೀಸಿನ ಬಾಗಿಲು ಹಾಕಿ ಎದುರು ಕೂತ.

“ಮೇಡಂ, ಒಂದು ರಿಕ್ವೆಸ್ಟ್. ಅಮ್ಮನ ಹೆಸರು ಮಧ್ಯ ತರಬೇಡಿ. ವಯಸ್ಸಾದೋರು, ತುಂಬಾ ಹರ್ಟ್ ಆಗ್ತಾರೆ. ನೀರು ಆಮೇಲೆ ಡ್ರೈನ್ ಮಾಡೋಣ ಅನ್ಕೊಂಡೆ, ಆಫೀಸ್ ಟೆನ್ಷನ್‌ನಲ್ಲಿ ಮರೆತೋಯ್ತು. ನಾವು ನಾವು ಒಬ್ಬರಿಗೊಬ್ಬರು ಆಗ್ಬೇಕಲ್ವಾ? ಅವನಿಗೇನು, ಎಲ್ಲಾದ್ರೂ ಇನ್ನೊಂದು ಕೆಲಸ ಸಿಗತ್ತೆ.”

ತಾಯಿಯ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುವ ವಯಸ್ಸೇ ಇದು? ಕೈಯಲ್ಲಿದ್ದ ಪೆನ್ನನ್ನು ನಾನು ಮೇಜಿನ ಮೇಲೆ ಎಸೆದದ್ದು ನೆನಪಿದೆ. ಅದು ಹಾರಿ ಅವನ ಅಂಗಿಗೆ ಬಡಿಯಿತು. ಬೇಕೆಂದು ಎಸೆದದ್ದಲ್ಲ. ಬಡಿದದ್ದಕ್ಕೆ ಬೇಸರವೂ ಆಗಲಿಲ್ಲ.

“ಕನ್ನಡ ಅಂದ್ರ ಏನಂತ ತಿಳಿದೀರಿ? ಕದ್ದ ಮಾಲು ಮುಚ್ಚಿಡೋ ಗೋಣಿಚೀಲಾನ? ನಮ್ಮವರು, ನಮ್ಮವರು ಅಂತೀರಿ. ನಮ್ಮವರು ಅಂತನ ಒಂದು ಮಾತು ಹೇಳ್ತೀನಿ. ಎದ್ದು ಹೋಗಿ ಗ್ಯಾರಿ ಮುಂದ ನೀವ ಹೇಳ್ರಿ. ಆಮ್ಯಾಲ ಕರ್ಟಿಸ್ ಮುಂದ ನಿಂತು ಕ್ಷಮಾ ಕೇಳ್ರಿ. ಇಲ್ಲಾಂದ್ರ ನಾನು ಹೇಳ್ತೀನಿ, ನಿನ್ನೆ ಅಂದ ಮಾತನ್ನೂ ಸೇರಿಸಿ.”

ಅವನು ಕೂತೇ ಇದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಒಂದಿಷ್ಟು ಅಳುಕಿರುತ್ತದೆ. ಇವನು ವಾಚ್ ನೋಡಿಕೊಂಡ. ನಾನು ಆ ಓಲಾಡುವ ಚೊಂಬನ್ನು ಎತ್ತಿಕೊಂಡು ಗ್ಯಾರಿಯ ಕೋಣೆಗೆ ನಡೆದೆ. ಎಲ್ಲವನ್ನೂ ಹೇಳಿದೆ. ಬಾಗಿಲು ತೆರೆದೇ ಇತ್ತು, ದನಿಯೂ ದೊಡ್ಡದೇ ಇತ್ತು. ಕನ್ನಡದಲ್ಲಿ ಆಡಿದ ಮಾತನ್ನೂ ಒಂದು ಅಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದೆ.

ಗ್ಯಾರಿ ಏನು ಮಾಡಿದನೆಂದು ಊಹಿಸಬಲ್ಲಿರಾ? ನಿಟ್ಟುಸಿರು ಬಿಟ್ಟ. ಅಂಗಡಿಯ ಮೇಲಿದ್ದ ಹೊರೆ ಇಳಿಯಿತಲ್ಲ, ಆ ನಿಟ್ಟುಸಿರು. ಶ್ರೀಧರನ ಹತ್ತಿರ ಹೋಗಿ, ‘ಒಂದು ಸಣ್ಣ ತಪ್ಪು ಗ್ರಹಿಕೆ, ಯಾರಿಗಾದರೂ ಆಗುವಂಥದ್ದೇ’ ಎಂದು ತಿಪ್ಪೆ ಸಾರಿಸಿ ಕೈಕುಲುಕಿದ. ರಿಪೇರಿ ಖರ್ಚು ಗಿರಾಕಿಯದೇ ಎಂದಾಯಿತು. ಆಡಿದ ಮಾತಿನ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಕರ್ಟಿಸ್‌ಗೆ ಫೋನ್ ಮಾಡು, ಸೋಮವಾರ ಬರಲಿ ಎಂದ. ನೀನೇ ಮಾಡು ಎಂದೆ. ಮಾಡಿದ. ಎರಡು ನಿಮಿಷದ ಮಾತು. ಅದರಲ್ಲಿ ‘ಸಾರಿ’ ಎಂಬ ಪದ ನನಗೆ ಕೇಳಿಸಲಿಲ್ಲ.

ಕರ್ಟಿಸ್ ಸೋಮವಾರದವರೆಗೆ ಕಾಯಲಿಲ್ಲ, ಶನಿವಾರವೇ ಬಂದರು. ಒಂದು ಪಿಕಪ್ ಟ್ರಕ್ ತಂದಿದ್ದರು. ಅಮೆರಿಕದಲ್ಲಿ ಮೆಕ್ಯಾನಿಕ್‌ನ ಸ್ಪ್ಯಾನರು, ಸುತ್ತಿಗೆ, ಮೀಟರು ಎಲ್ಲವೂ ಅವನ ಸ್ವಂತದ್ದು, ಅಂಗಡಿಯದಲ್ಲ. ಬೀರುವಿನಷ್ಟು ದೊಡ್ಡದಾದ, ಗಾಲಿಯುಳ್ಳ ಟೂಲ್ ಬಾಕ್ಸಿನಲ್ಲಿ ಅವು ಇರುತ್ತವೆ. ಆ ಪೆಟ್ಟಿಗೆ ತನ್ನ ಜಾಗ ಬಿಟ್ಟು ಕದಲಿತೆಂದರೆ ಆ ಮನುಷ್ಯ ಹೊರಟನೆಂದೇ ಅರ್ಥ. ಗ್ಯಾರಿ ಗಾಬರಿಯಾಗಿ, ಎಲ್ಲ ಸರಿಹೋಯಿತಲ್ಲ, ಇನ್ನೇನು ಎಂದ. ಕರ್ಟಿಸ್ ಡ್ರಾಯರುಗಳಿಗೆ ಬೀಗ ಹಾಕುತ್ತಾ, “ನಾನು ಮಾಡಿದ್ದೇನೆ ಅಂದಾಗ ನೀನು ನಂಬಲಿಲ್ಲ. ಅವನು ಮಾಡಿಲ್ಲ ಅಂದಾಗ ನಂಬಿದೆ. ಅದು ಸರಿಹೋಗಿಲ್ಲ,” ಎಂದರು.

ಅಷ್ಟರಲ್ಲಿ ಅಂಗಳಕ್ಕೆ ಒಂದು ಕಾರು ಬಂದು ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ನಿಂತ ಸದ್ದಾಯಿತು. ಸಾವಿತ್ರಮ್ಮ ಇಳಿದರು. ಸೀರೆಯ ಮೇಲೆ ಮಗನ ದೊಡ್ಡ ಜಾಕೆಟ್, ಕಾಲಿಗೆ ಹಿಮದ ಬೂಟು. ಜಾರುವ ನೆಲದ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಒಳಗೆ ಬಂದು, ನಾನು ಯಾರೆಂದು ತಾವೇ ಗುರುತಿಸಿ, ಆ ಮೆಕ್ಯಾನಿಕ್ ಯಾರಮ್ಮ ಎಂದು ಕೇಳಿದರು. ತೋರಿಸಿದೆ. ಆಕೆ ಕರ್ಟಿಸ್ ಎದುರು ನಿಂತು ಕೈ ಮುಗಿದರು.

“ನನ್ನಿಂದ ಆಗಿದ್ದಪ್ಪಾ. ನಂಗೆ ಗೊತ್ತಾಗ್ಲಿಲ್ಲ. ನಿಮ್ಮ ಅನ್ನಕ್ಕೆ ಕಲ್ಲು ಹಾಕಿದ ಹಾಗಾಯ್ತು. ತಪ್ಪಾಯ್ತು.” ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಅವರಿಗೆ ಸರಿಯಾಗಿ ಹೇಳಮ್ಮ, ಏನೂ ಬಿಡಬೇಡ,” ಎಂದರು.

ಹೇಳಿದೆ, ಏನೂ ಬಿಡಲಿಲ್ಲ. ಕರ್ಟಿಸ್ ಟೋಪಿ ತೆಗೆದರು. ಆ ಮುದುಕಿಯ ಮುಗಿದ ಕೈಗಳನ್ನು ತಮ್ಮ ಕೈಗಳಿಂದ ಮೆಲ್ಲಗೆ ಇಳಿಸಿದರು. ಶೆಡ್ಡಿನ ತೆರೆದ ಬಾಗಿಲಿನಾಚೆ ಕಾರು ಕಾಣುತ್ತಿತ್ತು. ಇಂಜಿನ್ ಓಡುತ್ತಿತ್ತು, ಗಾಜು ಏರಿಸಿತ್ತು, ಶ್ರೀಧರ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದ.

“ಇವರಿಗೆ ಹೇಳಿ,” ಎಂದರು ಕರ್ಟಿಸ್, “ಇವರು ತಮ್ಮ ಮನೆ ಚೊಕ್ಕಟವಾಗಿಟ್ಟರು, ಅದಕ್ಕೆ ನನ್ನ ಹತ್ತಿರ ಕ್ಷಮೆ ಕೇಳಬೇಕಾಗಿಲ್ಲ. ನಾನು ಕಾಯುತ್ತಿರುವುದು ಕಾರಿನಲ್ಲಿರುವವನಿಗಾಗಿ.”

ಇದನ್ನೂ ಕನ್ನಡಕ್ಕೆ ಮಾಡಿ ಹೇಳಿದೆ. ಸಾವಿತ್ರಮ್ಮ ತಿರುಗಿ ಕಾರಿನತ್ತ ನೋಡಿದರು. “ಶ್ರೀಧರಾ,” ಎಂದು ಕೂಗಿದರು. ಮತ್ತೊಮ್ಮೆ, ಅಂಗಳದಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ, “ಇಳಿಯೋ!” ಎಂದರು. ಕರ್ಟಿಸ್ ಒಂದು ಗಳಿಗೆ ಟೋಪಿ ಕೈಯಲ್ಲಿ ಹಿಡಿದು ನಿಂತರು. ಕಾರಿನ ಬಾಗಿಲು ತೆರೆಯಲಿಲ್ಲ. ಅವರು ಟೋಪಿ ಹಾಕಿಕೊಂಡು ಪೆಟ್ಟಿಗೆಯನ್ನು ಬಾಗಿಲ ಕಡೆ ನೂಕಿದರು. ಅದಕ್ಕೆ ದಾರಿ ಬಿಡಲು ಶ್ರೀಧರ ಕಾರನ್ನು ಸ್ವಲ್ಪ ಹಿಂದಕ್ಕೆ ತೆಗೆದ, ಅಷ್ಟೇ. ಸಾವಿತ್ರಮ್ಮ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ಬರುವಾಗ ಮುಂದೆ ಕೂತು ಬಂದಿದ್ದರು.

ಕರ್ಟಿಸ್‌ಗೆ ಬೇರೆ ಕಡೆ ಕೆಲಸ ಸಿಕ್ಕಿತು, ಇಲ್ಲಿಗಿಂತ ದೂರ, ಇಲ್ಲಿಗಿಂತ ಕಡಿಮೆ ಸಂಬಳ. ಪೈಪು, ಪಂಪು, ನೆಲ ಎಲ್ಲ ಹೊಸದಾಗಿ, ಏಪ್ರಿಲ್ ಹೊತ್ತಿಗೆ ಆ ಗಾಡಿ ನೇಪರ್‌ವಿಲ್‌ಗೆ ಹೊರಟಿತು. ಅದರ ಕೀಲಿಯನ್ನು ನಾನು ಶ್ರೀಧರನ ಕೈಗೆ ಕೊಡಲಿಲ್ಲ, ಕೌಂಟರಿನ ಮೇಲಿಟ್ಟೆ.

ಏನು ಒಡೆಯಿತು, ಎಲ್ಲಿ ಒಡೆಯಿತು, ಯಾರಿಂದ ಒಡೆಯಿತು ಎಂದು ಕಂಡುಹಿಡಿಯುವುದನ್ನು ನನ್ನ ಕೆಲಸ ನನಗೆ ಚೆನ್ನಾಗಿಯೇ ಕಲಿಸಿತು. ಸತ್ಯ ಹೊರಬಿದ್ದರೆ ನ್ಯಾಯ ತಾನಾಗಿ ಹಿಂದೆ ಬರುತ್ತದೆಂದು ಅಲ್ಲಿಯವರೆಗೆ ನಂಬಿದ್ದೆ. ಅದು ತಾನಾಗಿ ಬರುವುದಿಲ್ಲ. ಯಾರಾದರೂ ಕಾರಿನಿಂದ ಇಳಿದು, ಹತ್ತು ಹೆಜ್ಜೆ ನಡೆದು, ಎದುರಿಗೆ ನಿಂತು ಬಾಯಿ ಬಿಡಬೇಕು. ಆ ಹತ್ತು ಹೆಜ್ಜೆಯನ್ನು ಇನ್ನೊಬ್ಬರ ಪರವಾಗಿ ನಡೆಯಲು ಯಾರಿಗೂ ಆಗುವುದಿಲ್ಲ, ಹೆತ್ತ ತಾಯಿಗೂ ಆಗುವುದಿಲ್ಲ.